ಈಚೆ ದಂಡೆಯಲ್ಲಿ ಉಳಿದ ಝಂಡಾ

ಆಗಸ್ಟ್ ತಿಂಗಳ ಎರಡನೆಯ ವಾರ ಬಂತೆಂದರೆ ನನಗೊಂದು ಚಟ ಹತ್ತುತ್ತದೆ. ದಿನಕ್ಕೆರಡು ಸಲ ಕೊಣ್ಣೂರಿಗೆ ಫೋನ್ ಮಾಡುತ್ತೇನೆ. ಅಲ್ಲಿ ನನ್ನ ಬಂಧುಬಳಗದವರು ಯಾರೂ ಇಲ್ಲ. ಹೆದ್ದಾರಿಯ ಬದಿಗೆ ಚಹಾದಂಗಡಿ ಇಟ್ಟಿರುವ ಶಾಂತವ್ವ ಒಬ್ಬಳ ಪರಿಚಯವಿದೆ, ಅಷ್ಟೇ.

"ಶಾಂತವ್ವಾ, ಹೊಳಿ ಹ್ಯಾಂಗೈತಿ?"

"ಹೊಳಿ ಹೊಳಿ ಹಂಗ ಐತ್ರಿ ಅಕ್ಕೋರ. ನೀವು ಆರಾಮ ಅದೀರಿಲ್ಲೋ?"

ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಹೊಳೆ ಹೇಗಿದ್ದರೂ ಈ ಅಕ್ಕೋರಿಗೆ ಈಗ ಆಗಬೇಕಾದ್ದು ಏನೂ ಇಲ್ಲ. ನಾನಿರುವುದು ರೋಣದಲ್ಲಿ. ಮನೆಯಿಂದ ಶಾಲೆಗೆ ನಡೆದೇ ಹೋಗುತ್ತೇನೆ. ನಡುವೆ ಒಂದು ಗಟಾರು ಬಿಟ್ಟರೆ ದಾಟುವಂಥದ್ದು ಏನೂ ಇಲ್ಲ. ಆ ಗಟಾರಿಗೂ ಈಗ ಕಲ್ಲು ಹಾಸಿದ್ದಾರೆ. ನಮ್ಮ ಯಜಮಾನರು ನಗುತ್ತಾರೆ. "ಗಟಾರದಾಗ ಎಷ್ಟ ನೀರ ಬಂದಾವ ಅಂತನೂ ಒಮ್ಮೆ ಕೇಳಿಬಿಡು," ಎನ್ನುತ್ತಾರೆ. ನಗಲಿ. ಅವರು ಆ ದಿನ ಕೊಣ್ಣೂರ ಸೇತುವೆಯ ಬಳಿ ಇರಲಿಲ್ಲ.

ಖರೇ ಹೇಳಬೇಕೆಂದರೆ, ಆಗಸ್ಟ್ ಹದಿನೈದೆಂದರೆ ನನಗೆ ಸಣ್ಣಂದಿನಿಂದಲೂ ಅಂಜಿಕೆಯೇ. ನಾನು ಬೆಳೆದದ್ದು ಗಜೇಂದ್ರಗಡದಲ್ಲಿ. ಅಪ್ಪ ಟೇಲರ್. ಇಡೀ ಓಣಿಯ ಮಕ್ಕಳ ಬಿಳಿ ಸಮವಸ್ತ್ರ ಹೊಲಿದು ಕೊಟ್ಟು, ಹದಿನಾಲ್ಕರ ಸಂಜೆಗೆ ನನ್ನದಕ್ಕೆ ಕೈ ಹಾಕುತ್ತಿದ್ದ. ಜಿಟಿಜಿಟಿ ಮಳೆಯಲ್ಲಿ ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಅವ್ವ ಅದನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದಳು. ಮರುದಿನ ಪ್ರಭಾತ ಫೇರಿಯಲ್ಲಿ ನನ್ನ ಮುಂದಿನವಳು ತಿರುಗಿ ತಿರುಗಿ ಮೂಸಿ ನೋಡಿ, "ಯಾರಲೇ, ಹೊಗಿ ವಾಸನಿ," ಎನ್ನುತ್ತಿದ್ದಳು. ನಾನೂ ಅತ್ತಿತ್ತ ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ಫೇರಿ ನೇಕಾರರ ಓಣಿ ಹಾಯ್ದು, ಮರಾಠಿ ಮಾತಾಡುವವರ ಓಣಿ ಹಾಯ್ದು, ಮಸೀದಿಯ ಮುಂದಿನಿಂದ ಲಂಬಾಣಿಗರ ಮನೆಗಳ ಕಡೆ ತಿರುಗುತ್ತಿತ್ತು. ಒಂದು ಕಡೆ ಪೆಪ್ಪರಮಿಂಟು, ಒಂದು ಕಡೆ ಖರ್ಜೂರ, ಇನ್ನೊಂದು ಕಡೆ ಚುರಮುರಿ ಉಂಡಿ ಕೊಡುತ್ತಿದ್ದರು. ಜಯಘೋಷಕ್ಕೆ ಓಣಿಗೊಂದು ರಾಗ. ಮಜಾ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಭಾಷಣ. ಐದನೆಯ ಇಯತ್ತೆಯಲ್ಲಿ ನಾನು "ಮಾನ್ಯ ಅಧ್ಯಕ್ಷರೇ" ಎಂದು ಮೂರು ಸಲ ಹೇಳಿ, ಅಧ್ಯಕ್ಷರು ಮೂರು ಸಲವೂ ತಲೆಯಾಡಿಸಿದ ಮೇಲೆ ಕೆಳಗಿಳಿದು ಬಂದೆ. ಆ ಭಾಷಣದಲ್ಲಿ ಉಳಿದದ್ದು ಏನಿತ್ತೋ ಇವತ್ತಿಗೂ ನೆನಪಾಗಿಲ್ಲ.

ಇಂಥವಳು ಮುಂದೆ ಶಿಕ್ಷಕಿಯಾದೆ. ಮದುವೆಯಾಗಿ ನರಗುಂದಕ್ಕೆ ಬಂದೆ. ಯಜಮಾನರದು ಆಗ ಅಲ್ಲಿ ಔಷಧದ ಅಂಗಡಿ; ರೋಣಕ್ಕೆ ಬಂದದ್ದು ಆಮೇಲೆ, ನನಗೆ ವರ್ಗವಾದಾಗ. ನನ್ನ ಶಾಲೆ ಇದ್ದದ್ದು ಕೊಣ್ಣೂರ ಸೇತುವೆಯ ಆಚೆಗಿನ ಒಂದು ಸಣ್ಣ ಊರಲ್ಲಿ. ಊರಿನ ಹೆಸರು ಬೇಡ, ನೀವು ಕೇಳಿರಲಿಕ್ಕಿಲ್ಲ. ದಿನಾ ಬಸ್ಸಿನಲ್ಲಿ ಮಲಪ್ರಭೆಯನ್ನು ದಾಟಿ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಆ ಹೊಳೆಯೊಳಗೆ ಎಮ್ಮೆಗಳು ಸಹ ಮೈ ನೆನೆಯದೆ ಎದ್ದು ಬರುತ್ತಿದ್ದವು. ಅದಕ್ಕೆ ಯಾರಾದರೂ ಹೆದರುತ್ತಾರೆಂದು ನಾನು ನಂಬಿರಲಿಲ್ಲ.

ನಮ್ಮ ಮುಖ್ಯೋಪಾಧ್ಯಾಯರು ಈರಣ್ಣ ಸರ್. ಕಡ್ಡಿಯಂಥ ಮೈ, ದಪ್ಪ ಕನ್ನಡಕ, ಗಂಟೆಗಿಂತ ಐದು ನಿಮಿಷ ಮುಂದೆ ಓಡುವ ಕೈಗಡಿಯಾರ. ಅವರು ಆ ಊರಿನಲ್ಲೇ ಮನೆ ಮಾಡಿದ್ದರು. ನಾನು ಹೇಳುತ್ತಿರುವ ವರ್ಷ ಅವರ ನೌಕರಿಯ ಕೊನೆಯ ಸ್ವಾತಂತ್ರ್ಯೋತ್ಸವ. ಮುಂದಿನ ಬೇಸಿಗೆಗೆ ನಿವೃತ್ತಿ. ಅದೇ ವರ್ಷ ಶಾಲೆಯ ಸಮಿತಿಗೆ ಹೊಸ ಅಧ್ಯಕ್ಷರು ಬಂದಿದ್ದರು. ಹೆಸರು ಯಲ್ಲಪ್ಪ. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಮರಳಿದವರು. ತಾವು ಅಕ್ಷರ ಕಲಿತ ಶಾಲೆಯಲ್ಲಿ ಅವರು ಧ್ವಜ ಏರಿಸುವುದು ಅದೇ ಮೊದಲು. ಒಂದು ತಿಂಗಳಿಂದ ಈರಣ್ಣ ಸರ್‌ಗೆ ಬೇರೆ ಮಾತೇ ಇರಲಿಲ್ಲ.

ಹದಿನಾಲ್ಕರ ಮಧ್ಯಾಹ್ನ ಅವರು ಕಪಾಟಿನಿಂದ ಧ್ವಜ ತೆಗೆದರು. ಖಾದಿಯದು, ಹೊಸದು. ಮಳೆಗೆ ತಂಪು ಹೀರಿ ಸುಕ್ಕಾಗಿತ್ತು. ಮೂರು ದಿನದಿಂದ ಆ ಊರಲ್ಲಿ ಕರೆಂಟ್ ಇರಲಿಲ್ಲ.

"ನಿಮ್ಮಲ್ಲಿ ಕರೆಂಟ್ ಅದ. ಇಸ್ತ್ರಿ ಮಾಡ್ಕೊಂಡು ಸಂಜಿ ಬಸ್ಸಿಗೆ ಹೊಳ್ಳಿ ಬಂದ ಬಿಡ್ರಿ," ಎಂದರು. "ಇವತ್ತ ನಮ್ಮನ್ಯಾಗ ಉಳೀರಿ. ನಮ್ಮ ಮನಿಯವರಿಗೂ ಹೇಳೇನಿ. ಡ್ಯಾಮಿನಿಂದ ನೀರ ಬಿಡತಾರಂತ. ಹೊಳೀ ಸುದ್ದಿ ಚಲೋ ಇಲ್ಲ."

"ಬರತೀನ್ರಿ ಸರ್," ಎಂದೆ.

ಮನೆಗೆ ಬಂದೆ, ಇಸ್ತ್ರಿ ಮಾಡಿದೆ. ಎಲ್ಲಿ ಸುಟ್ಟೀತೋ ಎಂದು ಮೇಲೊಂದು ಪಂಚೆ ಹಾಸಿ, ಉಸಿರು ಬಿಗಿಹಿಡಿದು ಮಾಡಿದೆ. ಅಷ್ಟರಲ್ಲಿ ಮಗಳು ಸ್ನೇಹಾ ಅಳುತ್ತ ಬಂದಳು. ಅವಳ ಶಾಲೆಯ ಕಾರ್ಯಕ್ರಮದಲ್ಲಿ ಅವಳು ಭಾರತಮಾತೆ. ಕಿರೀಟದ ಗೋಂದು ಬಿಟ್ಟಿತ್ತು, ಸೀರೆಗೆ ಅಂಚು ಹೊಲಿದಿರಲಿಲ್ಲ. ಅವಳ ಅಪ್ಪನಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ನಾನು ಹೊಲಿಯುತ್ತ ಕುಳಿತೆ. ಸಂಜೆಯ ಬಸ್ಸು ನಿಲ್ದಾಣದಲ್ಲಿ ಹದಿನೈದು ನಿಮಿಷ ನಿಲ್ಲುವುದು ನನಗೆ ಗೊತ್ತಿತ್ತು. ಆ ಹದಿನೈದು ನಿಮಿಷವೂ ಹೊಲಿದೆ. ಆಮೇಲೆ ಈರಣ್ಣ ಸರ್‌ಗೆ ಫೋನ್ ಮಾಡಿದೆ.

"ಬಸ್ ತಪ್ಪಿತ್ರಿ ಸರ್. ಮುಂಜಾನಿ ಆರಕ್ಕ ಅಲ್ಲಿರತೀನಿ."

"ಆತು," ಎಂದು ಅವರು ಫೋನ್ ಇಟ್ಟರು.

ಮರುದಿನ ನಸುಕಿನ ಮೊದಲ ಬಸ್ಸಿಗೆ ಹೊರಟೆ. ಧ್ವಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಬಟ್ಟೆಯ ಚೀಲದಲ್ಲಿಟ್ಟು, ಎದೆಗವಚಿಕೊಂಡು ಕುಳಿತಿದ್ದೆ. ಕೊಣ್ಣೂರು ದಾಟುತ್ತಲೇ ಬಸ್ಸು ನಿಂತಿತು. ಮುಂದೆ ಲಾರಿಗಳ ಸಾಲು. ಕೆಂಪು ಛತ್ರಿ ಬಿಚ್ಚಿಕೊಂಡು ಸಾಲಿನ ಪಕ್ಕದಲ್ಲಿ ನಡೆದೆ. ಸಾಲು ಮುಗಿದಲ್ಲಿ ಕಬ್ಬಿಣದ ಅಡ್ಡಗಟ್ಟೆ. ಅದರ ಮುಂದೆ ರೇನ್‌ಕೋಟು ಹಾಕಿದ ಒಬ್ಬ ಪೊಲೀಸ. ಅವನ ಹಿಂದೆ ನಾನು ದಿನಾ ನೋಡಿದ ಹೊಳೆ ಇರಲಿಲ್ಲ. ಕೆಂಪು ಮಣ್ಣಿನ ಬಣ್ಣದ ನೀರು ದಂಡೆಯಿಂದ ದಂಡೆಗೆ ಹರಡಿ, ಸದ್ದಿಲ್ಲದೆ, ಭಾಳ ಜೋರಾಗಿ ಹೋಗುತ್ತಿತ್ತು. ಸೇತುವೆಯ ನಡುಭಾಗ ಕಾಣುತ್ತಿರಲಿಲ್ಲ. ಎರಡೂ ಬದಿಯ ಕಂಬಿಗಳು ಮಾತ್ರ ನೀರೊಳಗಿಂದ ಎದ್ದು ನಿಂತಿದ್ದವು.

"ಆಚೀಕಡೆ ಸಾಲಿಗೆ ಹೋಗಬೇಕ್ರಿ ಸಾಹೇಬ್ರ," ಎಂದೆ.

"ಹೋಗಾಕ ಬರೂದಿಲ್ರಿ ಮೇಡಂ. ನಿನ್ನೆ ಸಂಜೀತನಕ ಬಿಟ್ಟಿದ್ವಿ," ಎಂದ.

ನಿನ್ನೆ ಸಂಜೆಯ ತನಕ.

ಫೋನ್ ಬಂತು. ಈರಣ್ಣ ಸರ್. "ಎಲ್ಲಿದ್ದೀರಿ?"

"ಬ್ರಿಜ್ಜಿನ ಈಚೀಕಡೆ ಅದೀನ್ರಿ ಸರ್. ಬಿಡವಲ್ರು."

"ಕೆಂಪ ಛತ್ರಿ ನಿಮ್ಮದೇನು? ಕಾಣಾಕತ್ತದ. ನಾ ಆಚೀ ತುದೀಗೆ ನಿಂತೇನಿ."

ಕಣ್ಣು ಕಿರಿದು ಮಾಡಿ ನೋಡಿದೆ. ಆಚೆ ತುದಿಯಲ್ಲಿ ಬೆರಳುದ್ದ ಕಾಣುವ ಒಂದು ಬಿಳಿ ಆಕೃತಿ. ಹೊಸ ಬಿಳಿ ಶರ್ಟು, ಬಿಳಿ ಪ್ಯಾಂಟು. ಅವನ್ನು ಹೊಲಿಸಿದ್ದನ್ನು ವಾರದ ಹಿಂದೆ ನನಗೆ ಹೇಳಿದ್ದರು.

"ಸರ್, ಇವತ್ತ ಝಂಡಾ ಇಲ್ಲದನ ಮಾಡ್ರಿ. ತಪ್ಪ ನಂದು ಅಂತ ನಾನ ಬರದ ಕೊಡತೀನಿ."

"ಝಂಡಾ ಇಲ್ಲದ ಹದಿನೈದು ಹ್ಯಾಂಗ ಆಗತದ? ಹವಾಲ್ದಾರರು ನಸುಕಿನ್ಯಾಗ ಬಂದು ಸಾಲ್ಯಾಗ ಕುಂತಾರ. ನೀರು ಪಾದದ ಮಟ ಅದ, ಅಷ್ಟ. ನಾ ನಡುಮಟ ಬರತೀನಿ. ನೀವೂ ಆ ಕಡಿಂದ ನಡುಮಟ ಬರ್ರಿ."

ನಾನು ಬೇಡ ಎನ್ನುವಷ್ಟರಲ್ಲಿ ಫೋನ್ ಇಟ್ಟರು. ಬಿಳಿ ಆಕೃತಿ ಬಾಗಿತು, ಪ್ಯಾಂಟು ಮಡಚಿಕೊಳ್ಳುತ್ತಿದ್ದರು. ಆಮೇಲೆ ಸೇತುವೆಯ ಮೇಲೆ ಕಾಲಿಟ್ಟರು. ಆ ತುದಿಯಲ್ಲಿ ಅಡ್ಡಗಟ್ಟೆ ಇತ್ತೋ ಇಲ್ಲವೋ, ಅವರನ್ನು ಹಿಡಿಯುವವರಂತೂ ಯಾರೂ ಕಾಣಲಿಲ್ಲ.

ಪೊಲೀಸ ಸೀಟಿ ಊದಿದ. ಹೊಳೆಯ ಗಾಳಿಗೆ ಅದು ನಮಗೇ ಸರಿಯಾಗಿ ಕೇಳಲಿಲ್ಲ. ನಾನು ಮತ್ತೆ ಮತ್ತೆ ಫೋನ್ ಮಾಡಿದೆ. ಗಂಟೆ ಹೋಗುತ್ತಿತ್ತು, ಅವರು ಎತ್ತಲಿಲ್ಲ. ಹವಾಲ್ದಾರರ ನಂಬರು ಶಾಲೆಯ ಗುಂಪಿನಲ್ಲಿತ್ತು. ಅವರಿಗೆ ಮಾಡಿದೆ.

"ಸರ್ ನೀರಾಗ ಇಳದಾರ್ರೀ," ಎಂದೆ.

"ಓಡತೀನಿ," ಎಂದರು, ಅಷ್ಟೇ. ಆದರೆ ಶಾಲೆಯಿಂದ ಸೇತುವೆಗೆ ಓಡಿದರೂ ಹತ್ತು ನಿಮಿಷದ ದಾರಿ.

ಪಕ್ಕದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ದಾವಲಸಾಬ ಎಂಬ ನಡುವಯಸ್ಸಿನವ ಮುಂದೆ ಬಂದ. ಯಾವುದೋ ಮದುವೆಗೆ ಪೆಂಡಾಲಿನ ಗಳ ಹೇರಿಕೊಂಡು ಹೊರಟವ. "ನಾ ಟ್ರ್ಯಾಕ್ಟರ್ ಒಯ್ಯಲೇನ್ರಿ ಸಾಹೇಬ್ರ? ಗಾಲಿ ಎತ್ತರ ಅದಾವು. ಅಕ್ಕೋರ, ಝಂಡಾ ನನ್ನ ಕೈಯಾಗ ಕೊಡ್ರಿ."

"ಒಬ್ಬಾಂವ ಇಳದದ್ದ ಸಾಕು," ಎಂದು ಪೊಲೀಸ ಅವನ ರಟ್ಟೆ ಹಿಡಿದುಕೊಂಡ. "ಕೆಳಗ ರಸ್ತಾ ಉಳದೈತೋ ಇಲ್ಲೋ ಯಾರಿಗೆ ಗೊತ್ತು?"

ದಾವಲಸಾಬನ ಚಾಚಿದ ಕೈ ನನ್ನ ಮುಂದೆಯೇ ಇತ್ತು. ಕೊಟ್ಟುಬಿಡಲೇ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಕೊಟ್ಟರೆ ನನ್ನ ಮೈಮೇಲಿನ ತಪ್ಪು ಇಳಿದು ಅವನ ಟ್ರ್ಯಾಕ್ಟರ್ ಏರುತ್ತಿತ್ತು. ಅವನ ಮುಖ ನೋಡಿದೆ. ನನ್ನ ಅಣ್ಣನ ವಯಸ್ಸು. ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಈರಣ್ಣ ಸರ್ ಕಾಲು ಭಾಗ ಬಂದಿದ್ದರು. ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ನಡುನಡುವೆ ನಿಂತು ತಲೆ ಎತ್ತಿ ನಮ್ಮ ಕಡೆ ನೋಡುತ್ತಿದ್ದರು. ಬ್ಯಾಡ, ಹೊಳ್ಳಿ ಹೋಗ್ರಿ ಎಂದು ನಾನು ಛತ್ರಿ ಬೀಸಿದೆ. ನಾನು ಕರೆಯುತ್ತಿದ್ದೇನೆ ಎಂದುಕೊಂಡರೋ ಏನೋ, ಇನ್ನೂ ಬೇಗ ಹೆಜ್ಜೆ ಹಾಕಿದರು. ಆಗ ನನಗೆ ಗೊತ್ತಾಯಿತು, ಅವರು ಬರುತ್ತಿರುವುದು ನಾನು ಅಲ್ಲಿ ನಿಂತಿದ್ದೇನೆಂಬ ಕಾರಣಕ್ಕೆ. ಈ ಕೆಂಪು ಛತ್ರಿ ಅಲ್ಲಿರುವವರೆಗೂ ಅವರು ಬರುತ್ತಾರೆ.

ನಾನು ಬೆನ್ನು ತಿರುಗಿಸಿ ಹೊರಟೆ.

ಛತ್ರಿಯನ್ನು ಎತ್ತರಕ್ಕೆ ಹಿಡಿದೆ. ನಾನು ಹೋಗುತ್ತಿರುವುದು ಅವರಿಗೆ ಚೆನ್ನಾಗಿ ಕಾಣಲಿ ಎಂದು. ಬಸ್ಸಿನಿಂದ ಇಳಿದು ನಿಂತಿದ್ದ ಒಬ್ಬ ಮುದುಕಿ ನನ್ನ ಸೆರಗು ಹಿಡಿದು ಎಳೆದಳು. "ಏನವಾ ನೀ, ಆ ಹಿರಿಯಾಂವ ನಿನ್ನ ಸಲುವಾಗಿ ನೀರಾಗ ಬರಾಕತ್ತಾನ. ನೀ ಹೊಂಟಿ ಎಲ್ಲಿ?" ಸೆರಗು ಬಿಡಿಸಿಕೊಂಡೆ. ಹಿಂದಿನಿಂದ ಯಾರೋ, "ಹೆಣ್ಣೇನ ಇದು," ಎಂದರು. ಲಾರಿಗಳ ನಡುವೆ ನಡೆದೆ. ಹಿಂದೆ ಜನ ಒಮ್ಮೆಲೇ ಕೂಗಿದರೆ ಅವರು ಹೋದರು ಎಂದು ಅರ್ಥ. ಆ ಕೂಗಿಗೆ ಕಿವಿಗೊಟ್ಟುಕೊಂಡೇ ಹೆಜ್ಜೆ ಹಾಕಿದೆ. ಹನ್ನೊಂದನೆಯ ಲಾರಿಯ ಹತ್ತಿರ ನಿಂತೆ. ಅದರ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ದೇವರಿಗೆ ಹರಕೆ ಹೊರಬೇಕೆಂದರೆ ಒಬ್ಬ ದೇವರ ಹೆಸರೂ ನೆನಪಾಗಲಿಲ್ಲ.

ಎಷ್ಟು ಹೊತ್ತಾಯಿತೋ, ಫೋನ್ ಬಂತು. ಹವಾಲ್ದಾರರು. ಏದುಸಿರು ಬಿಡುತ್ತಿದ್ದರು.

"ಅಕ್ಕೋರ, ಸರ್ ಹೊಳ್ಳಿ ದಂಡಿಗೆ ಬಂದಾರ. ಕೈ ಹಿಡದೇನಿ. ಅವರ ಚಪ್ಪಲಿ ಹೋದವು, ಫೋನ್ ಹೋತು. ಮನಷ್ಯಾ ಅದಾರ."

ಅಳು ಆಗ ಬಂತು. ಆ ಲಾರಿಯ ಡ್ರೈವರ್ ಪಂಜಾಬದ ಸರ್ದಾರ, ಬಿಳಿಗಡ್ಡದವರು. ಏನೂ ಕೇಳದೆ ಸ್ಟವ್ ಹಚ್ಚಿ ಚಹಾ ಮಾಡಿ ಸ್ಟೀಲ್ ಲೋಟದಲ್ಲಿ ಕೊಟ್ಟರು. ಅರ್ಧ ಕುಡಿದಿದ್ದೆ. ಸೇತುವೆಯ ಕಡೆಯಿಂದ ಜನರ ಕೂಗು ಕೇಳಿತು. ಲೋಟ ಕೈಯಿಂದ ಬಿತ್ತು. ಓಡಿ ಹೋಗಿ ನೋಡಿದರೆ, ಬುಡಸಮೇತ ಕಿತ್ತು ಬಂದ ಒಂದು ಜಾಲಿಮರ ಸೇತುವೆಯ ನಡುಭಾಗಕ್ಕೆ ಬಡಿದು ನಿಂತಿತ್ತು. ನಾವು ನೋಡುತ್ತಿದ್ದಂತೆ ಹೊರಳಿ, ಹತ್ತು ಮಾರು ಕಂಬಿಯನ್ನು ಎಳೆದುಕೊಂಡು ಹೋಯಿತು. ಈರಣ್ಣ ಸರ್ ಹಿಡಿದು ಬರುತ್ತಿದ್ದ ಬದಿಯ ಕಂಬಿ. ಸೆರಗು ಹಿಡಿದಿದ್ದ ಮುದುಕಿ ನನ್ನ ಪಕ್ಕಕ್ಕೆ ಬಂದು ನಿಂತಳು. ನನ್ನ ಛತ್ರಿಯೊಳಗೆ ಸೇರಿಕೊಂಡಳು.

ಎಂಟು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಹವಾಲ್ದಾರರಿಂದ ಮತ್ತೆ ಫೋನ್. ಶಾಲೆಗೆ ಮರಳಿದ್ದರು, ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ ಎಂದರು.

"ಝಂಡಾ ನಿಮ್ಮ ಹತ್ರ ಒಣಗೇ ಐತಿಲ್ರಿ? ಅಲ್ಲೇ ಏರಸ್ರಿ. ನಾವು ಇಲ್ಲಿ ನಿಂದರತೀವಿ. ಫೋನ್ ಚಾಲೂ ಇಡ್ರಿ."

"ನನಗ ಧೈರ್ಯ ಇಲ್ರಿ," ಎಂದೆ. "ಸರಕಾರಿ ಸಾಲೀ ಝಂಡಾ, ರಸ್ತಾದ ಮ್ಯಾಲ ಏರಸಿದ್ರ ಯಾರರೆ ಏನರೆ ಅಂದ್ರ?"

"ನಾ ಹೇಳಿದಂಗ ಮಾಡ್ರಿ. ಗಳ ಗಾಡೀ ಮ್ಯಾಲ ಕಟ್ಟಬ್ಯಾಡ್ರಿ, ನೆಲದಾಗ ನಡಸ್ರಿ. ನೆಟ್ಟಗ ಇರಲಿ. ಕೇಸರಿ ಮ್ಯಾಲ. ಬಟ್ಟಿ ನೆಲಕ್ಕ ತಾಗಬಾರದು."

ದಾವಲಸಾಬ ತನ್ನ ಪೆಂಡಾಲಿನ ಗಳಗಳಲ್ಲಿ ನೆಟ್ಟನೆಯದೊಂದನ್ನು ಆರಿಸಿದ. ರಸ್ತೆಯ ಬದಿಯ ಎರೆಮಣ್ಣು ಮಳೆಗೆ ಮೆತ್ತಗಾಗಿತ್ತು. ಹಾರೆ ಹಾಕಿದರೆ ಬೆಣ್ಣೆಯಂತೆ ಇಳಿಯಿತು. ಗಳ ಮಾತ್ರ ನಿಲ್ಲಲೊಲ್ಲದು. ಬುಡಕ್ಕೆ ಕಲ್ಲು ಜಡಿದು, ಅವನೂ ನಮ್ಮ ಬಸ್ಸಿನ ಕಂಡಕ್ಟರನೂ ಎರಡೂ ಕಡೆ ಹಿಡಿದು ನಿಂತರು. ಸರ್ದಾರಜಿ ಲಾರಿಯಿಂದ ಹಗ್ಗ ತಂದು ಧ್ವಜ ಮಡಚಿ ಕಟ್ಟಿದರು. ಪೊಲೀಸನನ್ನು ಕರೆದೆ. ಅವನು ಹೊಳೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ನಾ ಈ ಕಡೆ ತಿರುಗಿದ್ರ ಯಾರರೆ ಮತ್ತ ಬ್ರಿಜ್ಜ ಹತ್ತತಾರ್ರಿ. ನಮ್ಮದು ಯಾವಾಗೂ ಹಿಂಗ. ಬಂದೋಬಸ್ತಿನ್ಯಾಗ ಝಂಡಾದ ಕಡೆ ನಮ್ಮ ಬೆನ್ನೇ ಇರತೈತಿ. ನೀವು ಮಾಡ್ರಿ," ಎಂದ.

"ನೀವೇ ಎಳೀರಿ ಅಕ್ಕೋರ," ಎಂದರು ಫೋನಿನೊಳಗಿಂದ ಹವಾಲ್ದಾರರು.

ನಿನ್ನೆ ಬಸ್ಸು ತಪ್ಪಿಸಿಕೊಂಡವಳು ನಾನು. ನನ್ನಿಂದಲೇ ಇಷ್ಟೆಲ್ಲ ಆದದ್ದು. ಆದರೆ ಅದನ್ನು ಅಷ್ಟು ಜನರ ಮುಂದೆ ಹೇಳುವುದು ಹೇಗೆ? ಹಗ್ಗ ಎಳೆದೆ. ಧ್ವಜ ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದೆ. ಗಳವೇ ಬಾಗಿ ಬಂತು. ಸರ್ದಾರಜಿ ಹಣೆ ಹಿಡಿದುಕೊಂಡರು. ಅಭ್ಯಾಸಬಲದಿಂದ ಲಾರಿಯ ತಾಡಪತ್ರಿಗೆ ಹಾಕುವ ಗಂಟನ್ನೇ ಹಾಕಿಬಿಟ್ಟಿದ್ದರು. ಪಂಜಾಬದಿಂದ ಇಲ್ಲಿಯತನಕ ಬಿಚ್ಚದಂಥ ಗಂಟು. ಗಳ ಇಳಿಸಿ, ಹಲ್ಲಿನಿಂದ ಕಚ್ಚಿ ಬಿಡಿಸಿ, ಸಡಿಲವಾಗಿ ಕಟ್ಟಿ ಮತ್ತೆ ನಿಲ್ಲಿಸಿದರು. ಮೂರನೆಯ ಸಲ ಎಳೆದಾಗ ಬಿಚ್ಚಿಕೊಂಡಿತು. ಹೊಳೆಯ ಗಾಳಿಗೆ ಪಟಪಟ ಎಂದಿತು.

ರಾಷ್ಟ್ರಗೀತೆ ಮೊದಲು ಫೋನಿನಿಂದ ಕೇಳಿತು. ಮಕ್ಕಳ ದನಿ. ನಾವು ಸೇರಿಕೊಂಡೆವು. ಆಚೆಯದಕ್ಕೂ ಈಚೆಯದಕ್ಕೂ ಒಂದು ಸಾಲಿನ ಅಂತರ ಬೀಳುತ್ತಿತ್ತು. ಅವರು ನಮಗಾಗಿ ನಿಲ್ಲಿಸಿದರೆ ನಾವು ಅವರಿಗಾಗಿ ನಿಲ್ಲಿಸುತ್ತಿದ್ದೆವು. ತಮ್ಮ ನಾಡಿನ ಹೆಸರು ಬಂದಲ್ಲಿ ಸರ್ದಾರಜಿಯ ದನಿ ಏರಿತು. ತಮಿಳುನಾಡಿನ ಲಾರಿಯವರಿಬ್ಬರು ತಮ್ಮದೇ ಉಚ್ಚಾರದಲ್ಲಿ, ಕಣ್ಣುಮುಚ್ಚಿ ಹಾಡಿದರು. ಮುದುಕಿಗೆ ಗೀತೆ ಬರುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಮನೆದೇವರ ಮುಂದೆ ನಿಂತಂತೆ ನಿಂತಿದ್ದಳು. ಹಿಂದೆ ಹೊಳೆ ಹೋಗುತ್ತಲೇ ಇತ್ತು. ಪೊಲೀಸ ಅದಕ್ಕೆ ಎದುರಾಗಿ, ನಮಗೆ ಬೆನ್ನುಮಾಡಿ, ಕೈಗಳನ್ನು ಮೈಗೆ ಅಂಟಿಸಿ ಸೆಟೆದು ನಿಂತಿದ್ದ.

ಐದು ದಿನದ ಮೇಲೆ ಸೇತುವೆ ತೆರೆಯಿತು. ಧ್ವಜ ಹಿಡಿದು ಶಾಲೆಗೆ ಹೋದೆ. ಈರಣ್ಣ ಸರ್ ಹೊಸ ಚಪ್ಪಲಿ ಹಾಕಿಕೊಂಡು ಕುಳಿತು ಏನೋ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಸರ್, ಅವತ್ತ ಸಂಜೀಕ ಬಸ್ ತಪ್ಪಿರಲಿಲ್ರಿ," ಎಂದೆ. "ಮಗಳ ಸೀರಿ ಹೊಲಕೋತ ಕುಂತಿದ್ದೆ."

"ಗೊತ್ತದ. ಆ ಬಸ್ಸಿನ ಕಂಡಕ್ಟರ್ ನಮ್ಮೂರಾಂವ. ಅಕ್ಕೋರ ಬರತಾರಂತ ಇನ್ನೂ ಹತ್ತ ನಿಮಿಷ ಕಾದು ಖಾಲಿ ಬಸ್ ತಂದೆ ಅಂತ ಹೇಳಿದ."

ಅವರು ಪೆನ್ನು ಮುಚ್ಚಿದರು.

"ಬ್ರಿಜ್ಜಿನ ನಡುಮಟ ಬರೂದರಾಗ ನೀರು ಮಣಕಾಲ ಮಟ ಬಂತ್ರಿ. ನನಗ ಈಸು ಬರೂದಿಲ್ಲ. ಕಾಲು ಮುಂದ ಏಳವಲ್ದು, ಹಿಂದನೂ ಏಳವಲ್ದು. ನಿಮ್ಮ ಛತ್ರಿ ನೋಡ್ಕೋತ ನಿಂತೆ. ನೋಡಿದ್ರ ಅದು ಹೊಂಟಬಿಡ್ತು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಷ್ಟ ಸಿಟ್ಟ ಬಂತು ಅಂದ್ರ, ಈಕೀಗೆ ಬೈಲಿಲ್ಲಂದ್ರ ನಾ ಸಾಯೂದಿಲ್ಲ ಅನಸ್ತು. ಆ ಸಿಟ್ಟಿನ ಮ್ಯಾಲ ಕಾಲು ತಿರುಗಿದವು."

"ಹಂಗಾದ್ರ ಈಗ ಬೈರಿ ಸರ್."

ಅವರು ನನ್ನನ್ನೇ ನೋಡಿದರು. ಬಾಯಿ ತೆರೆದರು. ಅಂಗಳದಲ್ಲಿ ಮಕ್ಕಳ ಗದ್ದಲ ಕೇಳುತ್ತಿತ್ತು. "ಐದ ದಿನದಾಗ ಏನ ಬೈಬೇಕಂತಿದ್ದೆ ಅನ್ನೂದ ಮರತ ಹೋತು," ಎಂದರು.

ಆಮೇಲೆ ಹಾಜರಿ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಹದಿನೈದನೆಯ ತಾರೀಖಿನ ಎದುರು ನನ್ನ ಸಹಿಯ ಜಾಗ ಖಾಲಿ ಇತ್ತು. ಗೈರುಹಾಜರಿಯ ಕೆಂಪು ಗೆರೆ ಎಳೆದಿರಲಿಲ್ಲ.

"ಮಾಡ್ರಿ," ಎಂದರು.

ಸಹಿ ಮಾಡಿದೆ.